ಸ್ಟೇರಿಂಗ್ ತಿರುಗಿಸಿದಾಗ ಬರೋ ಸದ್ದು

ಸಂಪಾದಕರಿಗೆ ನಮಸ್ಕಾರ,

ನನ್ನ ಸ್ಪೋರ್ಟ್ಸ್ ಕಾರ್‌ನಲ್ಲಿ ಸ್ಟೇರಿಂಗ್ ತಿರುಗಿಸಿದ್ರೆ ಮುಂದುಗಡೆಯಿಂದ ಟೊಂಯ್ ಅಂತ ಸದ್ದು ಬರ್ತಿತ್ತು, ಗ್ಯಾರೇಜ್‌ನೋರು ಸರಿಯಾಗಿ ನೋಡ್ದೇನೇ ಸ್ಟೇರಿಂಗ್ ರ್‍ಯಾಕ್ (ಮುಂದಿನ ಚಕ್ರಗಳನ್ನ ತಿರುಗಿಸೋ ಹಲ್ಲಿನ ಸರಳು) ಹೋಗಿದೆ, ಬದಲಾಯಿಸ್ಬೇಕು ಅಂದ್ಬಿಟ್ರು. ನಂಗೆ ಸಮಾಧಾನ ಆಗ್ಲಿಲ್ಲ. ಗಾಡಿ ನಿಲ್ಸಿ, ತಮ್ಮನಿಗೆ ಸ್ಟೇರಿಂಗ್ ಮೆಲ್ಲಗೆ ತಿರುಗ್ಸು ಅಂತ ಹೇಳಿ, ನಾನು ಬಾನೆಟ್ ಎತ್ತಿ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಟ್ಟಿಗಿರೋ ಕಂಬ) ತುದಿ ಮೇಲೆ ಕೈ ಇಟ್ಟೆ, ಒಳಗೆ ಸ್ಪ್ರಿಂಗ್ ತಿರುಚ್ಕೊಂಡು ಒಮ್ಮೆಲೇ ಬಿಟ್ಕೊಳ್ಳೋದು ಅಂಗೈಗೇ ಗೊತ್ತಾಯ್ತು. ಸವೆದಿದ್ದು ಸ್ಟ್ರಟ್ ಸಲೀಸಾಗಿ ತಿರುಗೋಕೆ ಅದರ ಮೇಲ್ತುದೀಲಿರೋ ಮೌಂಟ್ ಬೇರಿಂಗ್ ಅಷ್ಟೇ! ತಿರುವಲ್ಲಿ ಓಡ್ತಾ ಟಕ್ ಟಕ್ ಅಂದ್ರೆ ಸಿವಿ ಜಾಯಿಂಟ್ (ಎಂಜಿನ್ ಶಕ್ತೀನ ಚಕ್ರಕ್ಕೆ ಮುಟ್ಟಿಸೋ ಕೀಲು) ನೋಡ್ಬೇಕು, ಹೈಡ್ರಾಲಿಕ್ ಸ್ಟೇರಿಂಗ್ ಗೊಂಯ್ ಅಂತ ನರಳಿದ್ರೆ ಮೊದ್ಲು ಅದರ ಆಯಿಲ್ ಮಟ್ಟ. ಅಗಲ ಟೈರಿನ ಗಾಡಿಗಳಲ್ಲಂತೂ ಚಳೀಲಿ ಸ್ಟೇರಿಂಗ್ ಪೂರ್ತಿ ಒಂದು ಕಡೆಗೆ ತಿರುಗ್ಸಿ ಓಡಿಸಿದ್ರೆ ಕೆಲವು ಸಲ ಟೈರೇ ಜಾರಿ ಕುಪ್ಪಳಿಸುತ್ತೆ, ಅದು ರಿಪೇರಿ ವಿಷ್ಯಾನೇ ಅಲ್ಲ. ಮೆಕ್ಯಾನಿಕ್‌ಗಳೇ, ದಯವಿಟ್ಟು ಮೊದ್ಲು ಕಿವಿಗೊಟ್ಟು ಕೇಳಿ, ಆಮೇಲೆ ಪಾರ್ಟ್ ಬಿಚ್ಚಿ.

ಒಬ್ಬ ಓದುಗ