ಕೃಪೆ ಕೂಲಿ ಅಲ್ಲ

ಸಂಪಾದಕರೇ,

ಪುಣ್ಯದ ಕೆಲಸ ಮಾಡಿದ್ರೇನೇ ಕ್ರೈಸ್ತರಿಗೂ ಮೋಕ್ಷ ಅಂತ ಮೊನ್ನೆ ಓದುಗರೊಬ್ರು ಬರೆದಿದ್ರು, ಹಾಗಲ್ಲ. ಬೈಬಲಲ್ಲಿ ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯ 8, 9ನೇ ವಚನದಲ್ಲೇ ಉಂಟು, ರಕ್ಷಣೆ ದೇವರ ವರ, ನಾವು ದುಡಿದು ಗಳಿಸಿದ್ದಲ್ಲ. ಮಂಜೇಶ್ವರದ ನನ್ನಜ್ಜಿ ಬೀಡಿ ಕಟ್ಟಿ ಸಂಸಾರ ಸಾಕಿದವ್ರು, ಸಾವಿರಕ್ಕೆ ಇಷ್ಟು ಅಂತ ಕೂಲಿ, ನಾಲ್ಕು ಬೀಡಿ ಸರಿ ಇಲ್ದಿದ್ರೂ ದುಡ್ಡು ಮುರೀತಿದ್ರು, ಅವ್ರ ಬೈಬಲಲ್ಲಿ ಆ ಪುಟಕ್ಕೆ ಒಣಗಿದ ಬೀಡಿ ಎಲೆಯೇ ಗುರ್ತು, "ಇಲ್ಲಿ ಲೆಕ್ಕ ಕೇಳುವವರಿಲ್ಲ ಮಗಾ" ಅಂತಿದ್ರು. ಹಾಗಂತ ಒಳ್ಳೆ ಕೆಲಸ ಬೇಡ ಅಂತಲ್ಲ, 10ನೇ ವಚನ ಓದಿ, ಒಳ್ಳೆ ಕೆಲಸ ಮಾಡ್ಲಿಕ್ಕೇ ದೇವರು ನಮ್ಮನ್ನು ಸೃಷ್ಟಿಸಿದ್ದು ಅಂತ ಉಂಟು. ಈ ಕೃಪೆಯ ವಿಷಯಕ್ಕೇ ಶತಮಾನಗಟ್ಟಲೆ ಜಗಳ ಆಡಿದ ಕ್ಯಾಥೊಲಿಕರೂ, ಮಾರ್ಟಿನ್ ಲೂಥರನ ಹಾದಿಯ ಪ್ರೊಟೆಸ್ಟೆಂಟರಾದ ಲೂಥರನ್ನರೂ 1999ರಲ್ಲಿ ಜರ್ಮನಿಯ ಆಗ್ಸ್‌ಬರ್ಗಲ್ಲಿ ರಕ್ಷಣೆ ದೇವರ ಕೃಪೆಯಿಂದಲೇ ಅನ್ನುವ ಜಂಟಿ ಘೋಷಣೆಗೆ ಸಹಿ ಹಾಕಿದ್ದಾರೆ.

– ಓದುಗ, ಕಾಸರಗೋಡು