ಭಾನುವಾರದ ಪ್ರಾರ್ಥನೆಗೆ ಮುಂಚೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಯುದ್ಧದಲ್ಲಿ ನರಳುತ್ತಿರುವವರಿಗಾಗಿ ಪ್ರಾರ್ಥಿಸೋಣ. ಜೊತೆಗೆ ಅಮೆರಿಕದ ಮೆನ್ನೊನೈಟ್ ಸಭೆಗಳ (ಯುದ್ಧ ಬೇಡ ಎಂದು ನಂಬುವ ಕ್ರೈಸ್ತ ಪಂಗಡ) ಬಗ್ಗೆ ಸ್ವಲ್ಪ ಮಾತಾಡೋಣ.

ಎರಡನೇ ಮಹಾಯುದ್ಧದಲ್ಲಿ ಬಂದೂಕು ಹಿಡಿಯಲ್ಲ ಎಂದ ಅವರ ಸಾವಿರಾರು ಹುಡುಗರು ಸುಮ್ನೆ ಕೂರಲಿಲ್ಲ. 1941ರಿಂದ 1947ರವರೆಗೆ ಸೈನ್ಯ ಸೇರುವ ಬದಲು ಸೇವಾ ಶಿಬಿರಗಳಲ್ಲಿ ಸಂಬಳವಿಲ್ಲದೆ ದುಡಿದರು. ಗಿಡ ನೆಟ್ಟರು, ಕಾಡಿನ ಬೆಂಕಿ ಆರಿಸಿದರು. ನನ್ನ ಮನಸ್ಸಿಗೆ ಜಾಸ್ತಿ ತಟ್ಟಿದ್ದು ಮಾನಸಿಕ ಆಸ್ಪತ್ರೆಗಳಲ್ಲಿ ಅವರು ಮಾಡಿದ ಸೇವೆ. ಅಲ್ಲಿನ ರೋಗಿಗಳ ಪಾಡು ಹೊರಗಿನವರಿಗೆ ಗೊತ್ತಾಗಲು ಇಂಥ ಹುಡುಗರೇ ಕಾರಣ. ಆ ಶಿಬಿರಗಳ ಖರ್ಚನ್ನು ಸಭೆಗಳೇ ಹೊತ್ತವು. ಯುದ್ಧ ಮುಗಿದ ಮೇಲೆ ಮೆನ್ನೊನೈಟರು ತಾವೇ ಮಾನಸಿಕ ಆಸ್ಪತ್ರೆಗಳನ್ನು ತೆರೆದರು. ಎಷ್ಟು ದೊಡ್ಡ ಕೆಲಸ ಅಲ್ವಾ!

ಬೆಳಗಿನ ಆರಾಧನೆ ಮುಗಿದ ಕೂಡಲೇ ಸೇರೋಣ. ಮಕ್ಕಳನ್ನೂ ಕರೆತನ್ನಿ. ನಿರಾಶ್ರಿತರಿಗೆ ಕಂಬಳಿ ಕೊಡುವವರು ಶನಿವಾರದೊಳಗೆ ಇಲ್ಲೇ ತಿಳಿಸಿ.