ಕಾನಿಗೆ ಹೊರಟ ಗೆಳೆಯನಿಗೆ

ಮಾರಾಯಾ,

ಮೊನ್ನೆ ಗುಡ್ಡದ ತಲೆ ಹತ್ತಿದಾಗ ನಿನ್ನ ಹನ್ನೊಂದು ಮೆಸೇಜು ಒಟ್ಟಿಗೇ ಸುರಿದವು. ಮನೆಯಲ್ಲಿ ಸಿಗ್ನಲ್ ಸಿಗದ್ದು ನಿನಗೆ ಗೊತ್ತೇ ಇದೆ. ಕೆಲಸ ಬಿಡುತ್ತೀಯ, ಆರು ತಿಂಗಳು ಕಾಡಿನ ಮಧ್ಯೆ ಒಬ್ಬನೇ ಇರುತ್ತೀಯ, ಯಾರ ಮುಖವೂ ಬೇಡ, ಅದಕ್ಕೊಂದು ಮನೆ ಹುಡುಕಿಕೊಡಬೇಕು. ಇಷ್ಟೇ ತಾನೆ? ಉತ್ತರವನ್ನು ಮೊಬೈಲಿನಲ್ಲಿ ಕುಟ್ಟುವುದು ಆಗಲಿಲ್ಲ, ಹಾಗಾಗಿ ಈ ಕಾಗದ. ಬರೆದಾದ ಮೇಲೆ ನಾಲ್ಕು ಜನರಿಗೆ ಕಾಣುವ ಹಾಗೆ ಹಾಕುತ್ತೇನೆ, ಬೈಯಬೇಡ. ಇದನ್ನೇ ಕೇಳಿದವರಲ್ಲಿ ನೀನು ಈ ವರ್ಷ ನಾಲ್ಕನೆಯವ.

ಮನೆಗೇನೂ ಬರವಿಲ್ಲ. ನಮ್ಮ ಕೇರಿಯಲ್ಲಿ ಏಳು ಮನೆ, ಮೂರಕ್ಕೆ ಬೀಗ. ಆ ಮನೆಗಳ ಹುಡುಗರೆಲ್ಲ ನಿನ್ನ ಬೆಂಗಳೂರಲ್ಲೇ ಇದ್ದಾರೆ. ಚೌತಿಗೆ ಬಂದು ಎರಡು ರಾತ್ರಿ ದೀಪ ಹಚ್ಚಿ ಹೋಗುತ್ತಾರೆ. ನೀನು ಬಾಡಿಗೆ ಕೊಟ್ಟು ಕೊಳ್ಳಲು ಹೊರಟಿರುವ ಏಕಾಂತ ಪಕ್ಕದ ಮನೆಯ ಅಮ್ಮಮ್ಮನಿಗೆ ಪುಕ್ಕಟೆ ಸಿಕ್ಕಿದೆ. ಅದರಲ್ಲಿ ಅವರಿಗೆ ಯಾವ ಅರ್ಥವೂ ಹೊಳೆದ ಹಾಗಿಲ್ಲ. ಸಂಜೆಯಾಗುತ್ತಲೇ ಕವಳದ ಬಟ್ಟಲು ಹಿಡಿದು ನಮ್ಮ ಜಗುಲಿಗೆ ಬಂದುಬಿಡುತ್ತಾರೆ.

ಹೋದ ಶ್ರಾವಣದಲ್ಲಿ ಬೀಗ ಹಾಕಿದ ಮನೆಯೊಂದಕ್ಕೆ ಒಬ್ಬ ಹುಡುಗ ಬಂದಿದ್ದ. ನಮ್ಮದೇ ಪ್ರಾಯ, ಸಂಭಾವಿತ. ಮೌನ ಬೇಕು ಎಂದ. ಆಯಿ ಸೆರಗು ಬಾಯಿಗೆ ಹಿಡಿದು ನಕ್ಕಳು. ಶ್ರಾವಣದಲ್ಲಿ ಇಲ್ಲೆಲ್ಲಿಯ ಮೌನ? ಹೆಂಚಿನ ಮೇಲೆ ಮಳೆ, ಕೆಳಗೆ ಹಳ್ಳದ ಮೊರೆತ, ಕಪ್ಪೆ, ಜೀರುಂಡೆ. ಮೂರನೇ ದಿನ ಬೆಳಿಗ್ಗೆ ಹಾಲಿಗೆ ಬಂದವನ ಕಣ್ಣು ಕೆಂಪಗಿತ್ತು. ಬಟ್ಟೆ ಒಣಗಿಲ್ಲ, ಪುಸ್ತಕಕ್ಕೆ ಬೂಷ್ಟು ಹಿಡಿದಿದೆ, ಒಲೆ ಹೊಗೆಯನ್ನಷ್ಟೇ ಕೊಡುತ್ತಿದೆ. ಹಿಮ್ಮಡಿಯ ಮೇಲೊಂದು ರಕ್ತ ಹೀರುವ ಉಂಬಳ. ಹತ್ತುವಾಗ ದಾರದ ಎಳೆಯಷ್ಟಿದ್ದದ್ದು ಆಗಲೇ ದ್ರಾಕ್ಷಿಯಷ್ಟಾಗಿತ್ತು. ಅವನು ಹೆದರಿ ಕಿತ್ತೆಸೆದ, ರಕ್ತ ನಿಲ್ಲಲಿಲ್ಲ. ಅಪ್ಪಯ್ಯ ಕವಳದ ಸುಣ್ಣವನ್ನೇ ಬೆರಳಲ್ಲಿ ತೆಗೆದು ಒತ್ತಿದ. ಅಮ್ಮಮ್ಮನದು ಒಂದೇ ಪ್ರಶ್ನೆ: "ಯಾರ ಮನೆ ಮಾಣಿನೋ ಅದು? ಎಂತಕ್ಕೆ ಒಬ್ನೇ ಬೈಂದ?"

ಒಂಬತ್ತನೇ ದಿನ ಅವನು ಕಾನಿಗೆ ಹೊಕ್ಕ. ನಿನಗೆ ಕಾಡು, ಕಾನು ಎಲ್ಲ ಒಂದೇ. ಕಾನು ಅಂದರೆ ದಟ್ಟ ಕಾಡು. ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟದಲ್ಲಿ ಮೇಲೆ ಆಕಾಶ ಕಾಣುತ್ತದೆ, ಕೆಳಗೆ ದನದ ದಾರಿ ಇರುತ್ತದೆ. ಕಾನಿನಲ್ಲಿ, ಅದೂ ಮಳೆಗಾಲದಲ್ಲಿ, ನಾಲ್ಕು ಗಂಟೆಗೇ ಕತ್ತಲೆ. ಏಳಕ್ಕೆ ಅಮ್ಮಮ್ಮ ಬಂದು "ಮಾಣಿ ಮನೇಲಿ ದೀಪ ಕಾಣ್ತಿಲ್ಲೆ" ಎಂದರು. ಬ್ಯಾಟರಿ ಹಿಡಿದು ಹನ್ನೊಂದು ಜನ ಹೊರಟೆವು. ಕಾನಿನಲ್ಲಿ ಹೆಸರು ಹಿಡಿದು ಕರೆದರೆ ಮಾತು ಎಲೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಕೂ ಹಾಕುವುದು. ಗಂಟಲ ತಳದಿಂದ ಎತ್ತಿ "ಕೂ..." ಎಂದರೆ ಆಚೆ ದಿಬ್ಬದವರೆಗೂ ಹೋಗುತ್ತದೆ, ಕೇಳಿದವರು "ಓ" ಅನ್ನಬೇಕು. ಇಲ್ಲಿ ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ, ಮಕ್ಕಳು ದನ ಕರೆಯಲು ಹೋಗುವಾಗಲೇ ಬಂದಿರುತ್ತದೆ. ಮೂರು ತಾಸು ಕೂ ಹಾಕಿದೆವು. ಒಂದು ಓ ಬರಲಿಲ್ಲ. ನನಗೆ ಹೊಟ್ಟೆಯೊಳಗೆ ಕಲ್ಲು ಇಳಿದ ಹಾಗಾಗಿತ್ತು.

ಕೊನೆಗೆ ಅಪ್ಪಯ್ಯನ ಬ್ಯಾಟರಿಗೆ ನೀಲಿ ರೇನ್‌ಕೋಟು ಮಿಂಚಿತು. ದೊಡ್ಡ ಮರವೊಂದರ ಬೇರಿನ ಸಂದಿಯಲ್ಲಿ ಮುದುಡಿ ಕೂತಿದ್ದ. ನಾವು ಅದೇ ಜಾಗದ ಹತ್ತಿರ ಎರಡು ಸಲ ಹಾದಿದ್ದೆವು. ಅವನಿಗೆ ಎಲ್ಲ ಕೇಳಿಸಿತ್ತು. ಕೂ ಎಂದದ್ದು ಯಾವುದೋ ಪ್ರಾಣಿ ಎಂದುಕೊಂಡು ಫೋನಿನ ಬೆಳಕು ಆರಿಸಿ, ಬಾಯಿಗೆ ಕೈ ಮುಚ್ಚಿ ಕೂತಿದ್ದನಂತೆ.

ಬೈಯೋಣ ಅನ್ನಿಸಿತು. ಆದರೆ ಅವನಿಗೆ ಯಾರು ಹೇಳಿದ್ದರು? ದಿನಾ ಹಾಲು ಅಳೆದುಕೊಡುತ್ತಿದ್ದ ನಾನೂ ಹೇಳಿರಲಿಲ್ಲ. ಮಾತು ಬೇಡ ಅಂತಲೇ ಬಂದವನಲ್ಲವೇ ಎಂದು ಸುಮ್ಮನಿದ್ದೆ.

ನೀನು ಯಾವಾಗಲೂ ಹೇಳುವ, ಅಲಾಸ್ಕಾದ ಕಾಡಿಗೆ ಒಬ್ಬನೇ ಹೋದ ಅಮೆರಿಕದ ಹುಡುಗ, ಕ್ರಿಸ್ ಮೆಕ್‌ಕ್ಯಾಂಡ್ಲೆಸ್. 1992ರ ಏಪ್ರಿಲಿನಲ್ಲಿ ಹೋಗಿ ಹಾಳುಬಿದ್ದ ಬಸ್ಸಿನಲ್ಲಿ ಬಿಡಾರ ಮಾಡಿದ. ನಿನಗೆ ಅವನು ಹೋದದ್ದಷ್ಟೇ ನೆನಪು. ಜುಲೈನಲ್ಲಿ ಅವನು ವಾಪಸು ಹೊರಟಿದ್ದ, ಮಾರಾಯಾ. ಬರುವಾಗ ಸಲೀಸಾಗಿ ದಾಟಿದ್ದ ಟೆಕ್ಲಾನಿಕಾ ಹೊಳೆ ಹಿಮ ಕರಗಿ ಉಕ್ಕಿತ್ತು. ತಿರುಗಿ ಬಸ್ಸಿಗೇ ಹೋದ, ಆಗಸ್ಟಿನಲ್ಲಿ ತೀರಿಕೊಂಡ. 24 ವರ್ಷ. ಅದೇ ಹೊಳೆಗೆ, ಒಂದು ಮೈಲಿಯೊಳಗೇ, ತಂತಿಗೆ ತೂಗುಹಾಕಿ ಕೈಯಲ್ಲಿ ಎಳೆದುಕೊಂಡು ದಾಟುವ ತೊಟ್ಟಿಲೊಂದಿತ್ತು. ಅದು ಅವನಿಗೆ ಗೊತ್ತಿರಲಿಲ್ಲ. ಆಮೇಲೆ ಆ ಬಸ್ಸು ನೋಡಲು ಹೋದವರಲ್ಲಿ ಇಬ್ಬರು ಅದೇ ಹೊಳೆಗೆ ಬಲಿಯಾದರು. 2020ರಲ್ಲಿ ಹೆಲಿಕಾಪ್ಟರ್ ತಂದು ಬಸ್ಸನ್ನೇ ಎತ್ತಿಕೊಂಡು ಹೋದರು. ನಮ್ಮಲ್ಲಿ ಹಳ್ಳ ದಾಟುವ ಸಂಕ ಎಲ್ಲಿದೆ ಎಂದು ಶಾಲೆಗೆ ಹೋಗುವ ಮಗುವೂ ಹೇಳುತ್ತದೆ. ಆದರೆ ಕೇಳಬೇಕಲ್ಲ.

ಕಾರವಾರದಲ್ಲಿ ಓದುವಾಗ ನಾವು ಸಂಜೆ ಕೂರುತ್ತಿದ್ದ ಕಡಲತೀರಕ್ಕೆ ಟಾಗೋರರ ಹೆಸರು ಯಾಕೆ ಎಂದು ಒಮ್ಮೆ ನೀನು ಕೇಳಿದ್ದೆ, ನೆನಪಿದೆಯೇ? ಅಲ್ಲಿಗೆ ಬಂದಾಗ ಅವರಿಗೆ ಇಪ್ಪತ್ತೆರಡರ ಆಸುಪಾಸು. ಅಣ್ಣ ಸತ್ಯೇಂದ್ರನಾಥ ಅಲ್ಲಿ ಜಿಲ್ಲಾ ನ್ಯಾಯಾಧೀಶ, ಅಣ್ಣನ ಮನೆಯಲ್ಲೇ ಊಟ, ವಾಸ. ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋದದ್ದೂ ಮನೆಯವರ ಜೊತೆಗೇ. ಹಾಗೆ ಮನೆ ತುಂಬ ಜನರ ನಡುವೆ ಇದ್ದುಕೊಂಡು 'ಪ್ರಕೃತಿರ್ ಪ್ರತಿಶೋಧ್' ನಾಟಕ ಬರೆದರು. ಅದರಲ್ಲಿ ಎಲ್ಲ ಹಂಗು ಹರಿದುಕೊಂಡ ಸಂನ್ಯಾಸಿಯೊಬ್ಬ ಅನಾಥ ಹುಡುಗಿಯ ಮಾಯೆಗೆ ಬೀಳುತ್ತಾನೆ, ಹೆದರಿ ಬಿಟ್ಟುಹೋಗುತ್ತಾನೆ. ತಿರುಗಿ ಬರುವಷ್ಟರಲ್ಲಿ ಅವಳು ಇರುವುದಿಲ್ಲ.

ನಮ್ಮ ಹುಡುಗನ ಕಥೆ ಅಷ್ಟು ದುಃಖದ್ದಲ್ಲ. ಮರುದಿನವೇ ಗಂಟು ಕಟ್ಟುತ್ತಾನೆ ಎಂದುಕೊಂಡಿದ್ದೆವು, ಚೌತಿಯವರೆಗೂ ಇದ್ದ. ಊಟ ಅಮ್ಮಮ್ಮನ ಮನೆಯಲ್ಲಿ. ತಂಬುಳಿಗೆ ಯಾವ ಕುಡಿ ಕೊಯ್ಯಬೇಕು ಎಂದು ಅವರ ಹಿಂದೆ ತಿರುಗಿ ಕಲಿತ. ಮಧ್ಯಾಹ್ನ ಬೆಟ್ಟದ ಬಂಡೆಯ ಮೇಲೆ ಒಬ್ಬನೇ ಗಂಟೆಗಟ್ಟಲೆ ಕೂತಿರುತ್ತಿದ್ದ, ಯಾರೂ ತಡವುತ್ತಿರಲಿಲ್ಲ. ಹೊರಡುವಾಗ "ಓ" ಎಂದು ಹೇಗೆ ಕೂಗಬೇಕು ಎಂದು ಅಪ್ಪಯ್ಯನಿಗೇ ತೋರಿಸಿದ. ಸ್ವರ ಸ್ವಲ್ಪ ಒಡೆದಿತ್ತು, ಪರವಾಗಿಲ್ಲ.

ನೀನು ಮಳೆಗಾಲಕ್ಕೆ ಬರಬೇಡ. ಮಾರ್ಗಶಿರದಲ್ಲಿ ಬಾ, ಅಡಿಕೆಯ ಕೊನೆಕೊಯ್ಲು ಶುರುವಾಗಿರುತ್ತದೆ. ಬೆಳಿಗ್ಗೆ ತೋಟದಲ್ಲಿ ಉದುರಡಿಕೆ ಹೆಕ್ಕು, ರಾತ್ರಿ ಎಲ್ಲರ ಜೊತೆ ಅಡಿಕೆ ಸುಲಿಯಲು ಕೂರು. ಬೆರಳು ಕಪ್ಪಾಗುತ್ತದೆ, ತಿಂಗಳು ಹೋಗುವುದಿಲ್ಲ. ನಡುವಿನ ಹೊತ್ತೆಲ್ಲ ನಿನ್ನದೇ, ಬೆಟ್ಟವೂ ನಿನ್ನದೇ. ಬಾಡಿಗೆಯ ಮಾತು ಆಮೇಲೆ ಆಡೋಣ. ನಡುಮನೆಯಲ್ಲಿ ಎರಡು ಹೆಂಚು ಒಡೆದಿದೆ, ಅಷ್ಟರೊಳಗೆ ಹಾಕಿಸಿರುತ್ತೇನೆ.

ಒಂದು ಮಾತ್ರ ಕೇಳು. ಎಲ್ಲಿಗೆ ಹೊರಟಿದ್ದೇನೆ ಎಂದು ನಿನ್ನ ಅಮ್ಮನಿಗೆ ಹೇಳಿ ಬಾ. ಆ ರಾತ್ರಿ ಕಾನಿನಿಂದ ಬರುವುದು ತಡವಾದಾಗ ಆಯಿ ಫೋನಿನ ಮುಂದೆ ಕೂತಿದ್ದಳಂತೆ, ಯಾರಿಗೆ ಮಾಡುವುದು ಎಂದೇ ತಿಳಿಯದೆ. ಅವನ ಮನೆಯ ನಂಬರು ನಮ್ಮ ಯಾರಲ್ಲೂ ಇರಲಿಲ್ಲ.

ಕೀಲಿ ಅಮ್ಮಮ್ಮನ ಹತ್ತಿರ ಇದೆ. ಕೊಡುವ ಮೊದಲು ಯಾರ ಮನೆಯವನು ಎಂದು ಕೇಳುತ್ತಾರೆ.

ನಿನ್ನವ